ಸೊನ್ನೆ ನಂಬರಿನ ಬಾಟಲಿ

ಒಂದು ಲೀಟರ್ ನೀರನ್ನು ಬಾಟಲಿಯಿಂದ ಯಾರು ತೆಗೆದರು, ಎಷ್ಟು ಗಂಟೆಗೆ ತೆಗೆದರು, ತೆಗೆದ ಜಾಗಕ್ಕೆ ಏನು ತುಂಬಿದರು ಎಂಬ ಪ್ರಶ್ನೆಗಳು ಮುಂದಿನ ತಲೆಮಾರಿಗೆ ಕ್ಷುಲ್ಲಕವಾಗಿ ಕಾಣಬಹುದು. ರಾಜ್ಯಗಳು ಎದ್ದು ಬಿದ್ದುದನ್ನು ಬರೆದಿಟ್ಟವರು ಇಂಥ ಸಂಗತಿಗಳನ್ನು ಬಿಟ್ಟುಬಿಟ್ಟದ್ದೇ ಚರಿತ್ರೆ ಅಷ್ಟು ನೀರಸವಾಗಲು ಕಾರಣವಿರಬೇಕು. ಆ ತಪ್ಪು ಇಲ್ಲಿ ಆಗಬಾರದು. ಘಟನೆ ನಡೆದದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ಕೆರೆ ದಂಡೆಯ ಚಹಾದಂಗಡಿಯಲ್ಲಿ. ಆ ಹೊತ್ತಿಗೆ ಅಲ್ಲಿನ ಬೆಂಚಿನ ಮೇಲೆ ನಾವು ಆರು ಜನ ಕೂತಿದ್ದೆವು, ಮತ್ತು ಏನನ್ನೂ ನೋಡಲಿಲ್ಲ.

ಕೆರೆಯ ಮೆಟ್ಟಿಲಿನಿಂದ ಇಪ್ಪತ್ತು ಹೆಜ್ಜೆಗೆ ಆ ಅಂಗಡಿ. ತಗಡಿನ ಮಾಡು, ಒಂದು ಒಲೆ, ಎರಡು ಬೆಂಚು; ಹಿಂದೆ ಎರಡು ಕೋಣೆಯ ಮನೆ. ಎರಡಕ್ಕೂ ಒಡತಿ ದೊಡ್ಡಮ್ಮ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಕರೆಯದವರ ಚಹಾಕ್ಕೆ ಸಕ್ಕರೆ ಕಡಿಮೆ ಬೀಳುತ್ತಿತ್ತು. ಅವಳ ಚಹಾ ಕುಡಿಯಲೆಂದೇ ಬಸ್ಸಿನ ಡ್ರೈವರುಗಳು ನಿಲ್ದಾಣವಲ್ಲದ ಜಾಗದಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ಗುಟ್ಟು ಎಲೆಯಲ್ಲೂ ಇಲ್ಲ, ಹಾಲಿನಲ್ಲೂ ಇಲ್ಲ, ನೀರಿನಲ್ಲಿದೆ ಎಂದು ಅವಳು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಆ ನೀರು ಸುಮ್ಮನೆ ಆಗುವಂಥದ್ದಲ್ಲ. ಬೆಳಕು ಹರಿಯುವ ಮುಂಚೆ ಕೆರೆಯ ಮೂರನೆಯ ಮೆಟ್ಟಿಲಲ್ಲಿ ನಿಂತು ಮೊಗೆಯಬೇಕು. ನಾಲ್ಕು ಮಡಿಕೆ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಕುದಿಸಿ, ಆರಿಸಿ, ಮತ್ತೆ ಸೋಸಿ, ಮತ್ತೆ ಕುದಿಸಿ, ಮೂರನೆಯ ಸಲ ಕಾಲು ಭಾಗ ಬತ್ತುವವರೆಗೆ ಒಲೆಯ ಮೇಲೆಯೇ ಬಿಟ್ಟು, ಆಮೇಲೆ ಮುಚ್ಚಳವಿರುವ ಸ್ಟೀಲಿನ ಡ್ರಮ್ಮಿಗೆ ಸುರಿಯಬೇಕು. ಡ್ರಮ್ಮನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಇಪ್ಪತ್ತೆಂಟು ವರ್ಷ ಒಂದು ದಿನವೂ ಈ ಕ್ರಮ ತಪ್ಪಿರಲಿಲ್ಲ. "ಬತ್ತಿದಷ್ಟೂ ನೀರು ಗಟ್ಟಿಯಾಗುತ್ತೆ" ಎನ್ನುತ್ತಿದ್ದಳು. ಎಷ್ಟು ಸರಿಯಾಗಿ ಹೇಳಿದ್ದಳೆಂಬುದು ನಮಗೆ ಆಮೇಲೆ ತಿಳಿಯಿತು.

ಈ ನೀರನ್ನು ಇಡೀ ಊರಿನಲ್ಲಿ ಒಬ್ಬಳು ಮಾತ್ರ ಬೇಡವೆಂದಳು. ಅವಳು ದೊಡ್ಡಮ್ಮನ ಸೊಸೆ.

ಸೊಸೆಗೆ ಆಗ ಆರನೆಯ ತಿಂಗಳು. ಹಿಂದಿನ ವರ್ಷ ಐದನೆಯ ತಿಂಗಳಲ್ಲಿ ಒಂದು ಬಸಿರು ಹೋಗಿತ್ತು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆರೋಗ್ಯ ಕೇಂದ್ರದ ನರ್ಸಕ್ಕ ಮಾತ್ರ ಕೆರೆ ದಂಡೆಯ ಮನೆಗಳಲ್ಲಿ ಅಂಥವು ಎಷ್ಟಾದವು ಎಂದು ತನ್ನ ಪುಸ್ತಕ ತಿರುವಿ ನೋಡಿ, "ನೀರಿಂದಲೇ ಅಂತ ನಾನು ಹೇಳಲ್ಲ. ನೀರಲ್ಲ ಅಂತಲೂ ಹೇಳಲ್ಲ. ಪರೀಕ್ಷೆ ಆಗೋವರೆಗೆ ಶಾಲೆ ಹತ್ರ ಇರೋ ಕೊಳವೆಬಾವಿ ನಲ್ಲಿ ನೀರು ಕುಡಿ" ಎಂದಿದ್ದಳು. ಮಾರನೆಯ ದಿನ ಸೊಸೆ ಅರ್ಧ ಮೈಲಿ ನಡೆದು ಒಂದು ಕೊಡ ತಂದಳು. ಅಂಗಡಿಯ ಮುಂದಿನಿಂದಲೇ ತಂದಳು.

"ಏನೇ ಇದು?"

"ನೀರು, ಅತ್ತೆ."

"ಕೊಡದಲ್ಲಿ ಇನ್ನೇನು ಇರುತ್ತೆ! ಯಾವ ನೀರು?"

"ಶಾಲೆ ನಲ್ಲೀದು. ನರ್ಸಕ್ಕ ಹೇಳಿದ್ರು."

"ಸರಿಹೋಯ್ತು. ಊರೆಲ್ಲ ನನ್ನ ಕೈ ನೀರು ಕುಡೀಬೇಕು, ನನ್ನ ಸೊಸೆ ಮಾತ್ರ ನಾಲ್ಕು ಜನರ ಮುಂದೆ ಬೇರೆ ನೀರು ಹೊತ್ಕೊಂಡು ಬರಬೇಕು. ಅಂಗಡಿಗೆ ಬೀಗ ಹಾಕಿ ಕೀಲಿಕೈ ನರ್ಸಕ್ಕನ ಕೈಗೇ ಕೊಟ್ಟುಬಿಡಲಾ?"

"ಊರಿನವರು ಬಸುರಿಯಲ್ಲವಲ್ಲ, ಅತ್ತೆ."

ಬೆಂಚಿನ ಮೇಲಿದ್ದ ನಿವೃತ್ತ ಮೇಷ್ಟ್ರ ಕೈಯಿಂದ ಬನ್ನು ಜಾರಿ ಚಹಾದೊಳಗೆ ಬಿತ್ತು. ಆ ಕೊಡದ ನೀರು ಹಿತ್ತಲ ಮೆಣಸಿನ ಗಿಡಕ್ಕೆ ಹೋಯಿತು. ಮರುದಿನದ ಕೊಡವೂ ಹೋಯಿತು. ಆ ವಾರ ಮೆಣಸಿನ ಗಿಡ ಹಿಂದೆಂದೂ ಇಲ್ಲದಷ್ಟು ಚಿಗುರಿತು.

ದೊಡ್ಡಮ್ಮನ ಮಗ ಪಂಪು ರಿಪೇರಿಯವನು. ತಾಯಿ "ನೋಡೋ, ನಿನ್ನ ಹೆಂಡತಿ ನನ್ನ ಮಾನ ತೆಗೀತಿದಾಳೆ" ಎಂದರೆ ಹೂಂ ಎನ್ನುತ್ತಿದ್ದ. ಹೆಂಡತಿ "ನಿಮ್ಮಮ್ಮಂಗೆ ನೀವಾದ್ರೂ ಹೇಳ್ರಿ" ಎಂದರೆ ಅದಕ್ಕೂ ಹೂಂ. ಎರಡು ಹೂಂಗಳಿಗೂ ಕಿಂಚಿತ್ತೂ ವ್ಯತ್ಯಾಸವಿಲ್ಲದ್ದರಿಂದ ಊರು ಅವನಿಗೆ ಹೂಂರಾಯ ಎಂದು ಹೆಸರಿಟ್ಟಿತ್ತು.

ಕೊನೆಗೆ ಮೇಷ್ಟ್ರು ಮಧ್ಯಸ್ಥಿಕೆಗೆ ಇಳಿದರು. ಅವರು ಕೆರೆ ಸಮಿತಿಯ ಅಧ್ಯಕ್ಷರು. ಸಮಿತಿಯಲ್ಲಿ ಬೇರೆ ಯಾರೂ ಇರಲಿಲ್ಲ. ನರ್ಸಕ್ಕನ ಪತ್ರದ ಮೇರೆಗೆ ಪಟ್ಟಣದ ಪ್ರಯೋಗಾಲಯದವರು ಬಂದು ನೀರು ಒಯ್ಯಲಿದ್ದರು. ಅವರ ವರದಿ ಬರಲಿ ಎಂದರು ಮೇಷ್ಟ್ರು. ನೀರು ಕೆಟ್ಟದ್ದೆಂದು ಬಂದರೆ ಮನೆಗೂ ಅಂಗಡಿಗೂ ನಲ್ಲಿ ನೀರು. ಒಳ್ಳೆಯದೆಂದು ಬಂದರೆ ಸೊಸೆ ಬಾಯಿ ಮುಚ್ಚಿಕೊಂಡು ಡ್ರಮ್ಮಿನ ನೀರು ಕುಡಿಯುವುದು. ಅಲ್ಲಿಯವರೆಗೆ ದಿನಕ್ಕೆ ಒಂದು ಕೊಡ, ಅದೂ ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಹಿತ್ತಲ ದಾರಿಯಿಂದ.

"ವರದಿ ಏನೂ ಹೇಳದೇ ಇದ್ರೆ?" ಎಂದಳು ದೊಡ್ಡಮ್ಮ.

"ವರದಿ ಅಂದ್ಮೇಲೆ ಏನಾದ್ರೂ ಹೇಳುತ್ತಮ್ಮ."

"ಹೇಳದೇ ಇದ್ರೂ ನನ್ನ ನೀರೇ. ಈಗಲೇ ಹೇಳಿಬಿಡ್ತೀನಿ."

ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆಗಲಿ ಎಂದು ತಲೆಯಾಡಿಸಿದಳು. ಹೂಂರಾಯ ಹೂಂ ಎಂದ.

ಹೀಗೆ ಆ ಮಂಗಳವಾರ ಪ್ರಯೋಗಾಲಯದಿಂದ ಬಾಟಲಿ ಮೇಡಂ ಬಂದರು; ಆ ಹೆಸರು ನಾವಿಟ್ಟದ್ದು. ಮೂವತ್ತರ ಒಳಗಿನ ವಯಸ್ಸು, ಮಡಚಿದ ತೋಳು, ಕೈಗೆ ತೆಳ್ಳನೆಯ ಗವಸು, ಜೊತೆಗೆ ಮಂಜುಗಡ್ಡೆ ತುಂಬಿದ ಒಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ನಾಲ್ಕು ಕಂದು ಗಾಜಿನ ಬಾಟಲಿಗಳು. ಒಂದರಿಂದ ಮೂರರವರೆಗೆ ನಂಬರಿದ್ದವು ಖಾಲಿ: ಒಂದು ಮೆಟ್ಟಿಲ ಬಳಿಯ ನೀರಿಗೆ, ಒಂದು ಹೊಲಗಳ ಕಾಲುವೆ ಬಂದು ಸೇರುವ ಮೂಲೆಗೆ, ಒಂದು ಕೆರೆಯ ನಡುವಿಗೆ. ನಾಲ್ಕನೆಯದರ ಮೇಲೆ ಸೊನ್ನೆ ಎಂದು ಬರೆದಿತ್ತು, ಅದು ಆಗಲೇ ತುಂಬಿತ್ತು.

ಊರಿನ ಜನ ಸುತ್ತ ನೆರೆದರು. ಔಷಧಿಯಣ್ಣ ಎಲ್ಲರಿಗಿಂತ ಮುಂದೆ ನಿಂತ. ಹೊಲಗಳಿಗೆ ಕೀಟನಾಶಕ ಸಿಂಪಡಿಸುವುದು ಅವನ ಕಸುಬು. ಅದನ್ನು ಅವನೂ ನಾವೂ ಔಷಧಿ ಎಂದೇ ಕರೆಯುತ್ತಿದ್ದೆವು. ಸಂಜೆ ಕೆಲಸ ಮುಗಿಸಿ ಬೆನ್ನಿನ ಕ್ಯಾನನ್ನು ಕೆರೆಯ ಮೂರನೆಯ ಮೆಟ್ಟಿಲಲ್ಲಿ ಕೂತು ತೊಳೆಯುತ್ತಿದ್ದ, ಕಾಲು ಚಾಚಲು ಆ ಮೆಟ್ಟಿಲೇ ಅನುಕೂಲವೆಂದು.

"ನಾನು ತೊಳೆಯೋದು ಒಂದೇ ಕ್ಯಾನು, ಮೇಡಂ. ಇಷ್ಟು ದೊಡ್ಡ ಕೆರೆಗೆ ಒಂದು ಕ್ಯಾನು ಯಾವ ಲೆಕ್ಕ?"

"ಊರಲ್ಲಿ ಇಂಥ ಕ್ಯಾನು ಎಷ್ಟಿವೆ?"

"ಒಂದು ಮೂವತ್ತೆಂಟು ಇರಬಹುದು. ಎಲ್ಲರೂ ಒಂದೊಂದೇ ತೊಳೆಯೋದು."

ಮೇಡಂ ಇದನ್ನು ಬರೆದುಕೊಂಡರು. ಪಂಪಿನ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮೆಟ್ಟಿಲ ಪಕ್ಕದಲ್ಲೇ ಚೆಲ್ಲುವವರು ಯಾರೆಂದು ಕೇಳಿದಾಗ ಹೂಂರಾಯ ಆಕಾಶ ನೋಡಿದ.

ಬಾಟಲಿಗಳ ನಿಯಮ ಬಹಳ ಕಟ್ಟುನಿಟ್ಟು. ಪ್ಲಾಸ್ಟಿಕ್ ಸೋಕಬಾರದು. ಅಂಚಿನವರೆಗೆ ತುಂಬಬೇಕು, ಒಳಗೆ ಒಂದು ಗುಳ್ಳೆಯೂ ಉಳಿಯಬಾರದು. ದೊಡ್ಡಮ್ಮ ಒಲೆ ಬಿಟ್ಟು ಬಂದು ಇದನ್ನೆಲ್ಲ ಕಣ್ಣು ಕಿರಿದಾಗಿಸಿ ನೋಡಿದಳು. ನೀರಿನ ವಿಷಯದಲ್ಲಿ ತನ್ನಷ್ಟು ಅಚ್ಚುಕಟ್ಟಾದ ಇನ್ನೊಬ್ಬ ಹೆಂಗಸನ್ನು ಅವಳು ಅದೇ ಮೊದಲು ಕಂಡದ್ದು.

"ಈ ತುಂಬಿದ್ದರಲ್ಲಿ ಏನಿದೆ, ತಾಯಿ?"

"ಪ್ರಯೋಗಾಲಯದ ಶುದ್ಧ ನೀರು, ದೊಡ್ಡಮ್ಮ. ಇಲ್ಲಿ ಮುಚ್ಚಳ ತೆಗೆದಿಟ್ಟು, ಉಳಿದವು ತುಂಬೋವರೆಗೆ ಹಾಗೇ ಬಿಟ್ಟು, ಮುಚ್ಚಿ ವಾಪಸ್ ಒಯ್ತೀವಿ. ಅದರಲ್ಲೂ ಏನಾದ್ರೂ ಸಿಕ್ಕರೆ, ಕೆರೆಯದ್ದಲ್ಲ, ನಮ್ಮ ಕೈಯಿಂದಲೋ ದಾರಿಯಿಂದಲೋ ಸೇರಿದೆ ಅಂತ ಅರ್ಥ. ನಮ್ಮ ತಪ್ಪು ಹಿಡಿಯೋಕೆ ಅದು."

"ಅಂದ್ರೆ ಕೆರೆ ದಂಡೆಗೆ ಪಟ್ಟಣದಿಂದ ನೀರು ಹೊತ್ಕೊಂಡು ಬಂದಿದೀರಿ."

"ಹಾಗೂ ಹೇಳಬಹುದು."

"ನನ್ನ ಡ್ರಮ್ಮಿನ ನೀರು ಯಾಕೆ ಒಯ್ಯಲ್ಲ? ಕೆರೇಲಿ ಬಾಯಿಟ್ಟು ಕುಡಿಯೋದು ಎಮ್ಮೆ. ಜನ ಕುಡಿಯೋದು ನನ್ನ ನೀರು."

ಮೇಡಂ ಕಾಗದ ತೋರಿಸಿದರು. ಅದರಲ್ಲಿ ಮೂರೇ ಜಾಗ ಬರೆದಿತ್ತು. ಹೆಚ್ಚಿನ ಬಾಟಲಿಯೂ ಇರಲಿಲ್ಲ. ಮುಂದಿನ ಸಲ ನೋಡೋಣ ಎಂದು ಸಮಾಧಾನ ಹೇಳಿ, ಮೊದಲ ಎರಡು ಬಾಟಲಿ ತುಂಬಿ, ಪೆಟ್ಟಿಗೆಯನ್ನು ಅಂಗಡಿಯ ನೆರಳಲ್ಲಿಟ್ಟು, ಸೊನ್ನೆ ಬಾಟಲಿಯ ಮುಚ್ಚಳ ತೆಗೆದಿಟ್ಟು, ಕೆರೆಯ ನಡುವಿಗೆ ಹೊರಟರು. ಟ್ರ್ಯಾಕ್ಟರಿನ ಎರಡು ಟ್ಯೂಬುಗಳ ಮೇಲೆ ಹಲಗೆ ಕಟ್ಟಿ ಹೂಂರಾಯ ತೆಪ್ಪ ಮಾಡಿದ್ದ. "ಇದು ಮುಳುಗಲ್ಲ ತಾನೇ?" ಎಂದು ಮೇಡಂ ಕೇಳಿದ್ದಕ್ಕೆ ಹೂಂ ಎಂದ. ಅದು ಯಾವ ಅರ್ಥದ ಹೂಂ ಎಂದು ನೋಡಲು ಊರೆಲ್ಲ ದಂಡೆಗೆ ಓಡಿತು. ಬೆಂಚಿನ ಮೇಲಿದ್ದ ನಾವು ಆರು ಜನವೂ ಕೆರೆಯ ಕಡೆಗೇ ಮುಖ ತಿರುಗಿಸಿಕೊಂಡೆವು.

ಹತ್ತೂಕಾಲು ಎಂದರೆ ಆಗ.

ದೊಡ್ಡಮ್ಮನಿಗೆ ಮೋಸ ಮಾಡುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅವಳ ಪ್ರಕಾರ ಅವಳು ಪ್ರಯೋಗಾಲಯಕ್ಕೆ ಉಪಕಾರ ಮಾಡುತ್ತಿದ್ದಳು. ಪಟ್ಟಣದ ನೀರು ಪಟ್ಟಣಕ್ಕೇ ವಾಪಸ್ಸು ಹೋಗಿ ಯಾರಿಗೆ ಏನು ಲಾಭ? ಒಂದು ಚಮಚ ಬಾಯಿಗೆ ಬಿಟ್ಟುಕೊಂಡು ನೋಡಿದಳು. ಉಪ್ಪಿಲ್ಲ, ಸಿಹಿಯಿಲ್ಲ, ವಾಸನೆಯಿಲ್ಲ. ಕಾಯಿಲೆ ಬಿದ್ದು ಎದ್ದವರ ಮುಖದಂಥ ನೀರು. ಅದನ್ನು ಚೆಲ್ಲಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ. ಚಹಾದ ಪಾತ್ರೆಗೆ ಬಗ್ಗಿಸಿದಳು. ಆಮೇಲೆ ಡ್ರಮ್ಮಿನ ಮುಚ್ಚಳ ತೆಗೆದು, ಪ್ಲಾಸ್ಟಿಕ್ ಸೋಕಬಾರದೆಂದು ನೆನಪಿಟ್ಟುಕೊಂಡು ಸ್ಟೀಲಿನ ಚೊಂಬಿನಿಂದಲೇ, ಅಂಚಿನವರೆಗೆ, ಒಂದು ಗುಳ್ಳೆಯೂ ಉಳಿಯದ ಹಾಗೆ ಸೊನ್ನೆ ಬಾಟಲಿಯನ್ನು ತುಂಬಿದಳು. ಪ್ರಯೋಗಾಲಯದವರು ನೋಡಿದ್ದರೆ ಅವಳಿಗೆ ಕೆಲಸ ಕೊಡುತ್ತಿದ್ದರು.

ತೆಪ್ಪ ಮುಳುಗಲಿಲ್ಲ. ಮೇಡಂ ಬಂದು ಸೊನ್ನೆ ಬಾಟಲಿಗೆ ಮುಚ್ಚಳ ಹಾಕಿ, ಪಟ್ಟಿ ಅಂಟಿಸಿ, ಎಲ್ಲವನ್ನೂ ಮಂಜುಗಡ್ಡೆಯಲ್ಲಿ ಹೂತರು. ಚಹಾ ಬೇಡ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಸೋತರು. ಒಂದು ಗುಟುಕು ಹೀರಿ, "ಚಹಾ ಬಹಳ ಚೆನ್ನಾಗಿದೆ, ದೊಡ್ಡಮ್ಮ" ಎಂದರು. ನಮಗೂ ಅದೇ ಪಾತ್ರೆಯ ಚಹಾ ಬಂತು. ಮೇಷ್ಟ್ರು ಮಾತ್ರ ಲೋಟ ಎತ್ತಿ ಬೆಳಕಿಗೆ ಹಿಡಿದು, "ಇವತ್ತು ಏನೋ ಕಡಿಮೆ ಇದೆಯಲ್ಲಮ್ಮ" ಎಂದರು.

"ನಿಮಗೆ ನಾಲಿಗೆ ಸತ್ತಿದೆ" ಎಂದಳು ದೊಡ್ಡಮ್ಮ.

ಮೂರು ವಾರ ಅವಳು ಬಹಳ ಖುಷಿಯಾಗಿದ್ದಳು. ಹಿತ್ತಲ ದಾರಿಯಿಂದ ಬರುವ ಕೊಡವನ್ನು ಕಂಡೂ ಕಾಣದ ಹಾಗಿರುತ್ತಿದ್ದಳು. "ತರಲಿ ಬಿಡಿ, ಇನ್ನೆಷ್ಟು ದಿನ" ಎಂದು ನಮಗೆ ಹೇಳುತ್ತಿದ್ದಳು. ತನ್ನ ನೀರು ಪಟ್ಟಣಕ್ಕೆ ಹೋಗಿದೆ, ಅಲ್ಲಿಯ ಯಂತ್ರಗಳು ಅದರ ಮುಂದೆ ತಲೆಬಾಗುತ್ತವೆ, ಸೊಸೆಯ ಮುಖ ನೋಡುವ ಹಾಗಿರುತ್ತದೆ ಎಂದೆಲ್ಲ ಅವಳ ಒಳಗೆ ಕುದಿಯುತ್ತಿತ್ತೆಂದು ತೋರುತ್ತದೆ.

ಇಪ್ಪತ್ತೆರಡನೆಯ ದಿನ ಬಾಟಲಿ ಮೇಡಂ ಮತ್ತೆ ಬಂದರು. ಪೆಟ್ಟಿಗೆ ಇರಲಿಲ್ಲ, ಒಂದು ಕಾಗದವಿತ್ತು. ಮುಖ ಜೋತುಬಿದ್ದಿತ್ತು. ನರ್ಸಕ್ಕನೂ ಜೊತೆಗಿದ್ದಳು. ಬೆಂಚಿನ ತುದಿಗೆ ಕೂತು, ಯಾರ ಮುಖವನ್ನೂ ನೋಡದೆ ಮೇಡಂ ಹೇಳಿದರು.

"ವರದಿ ಇಲ್ಲ. ಪರೀಕ್ಷೆ ರದ್ದಾಗಿದೆ."

"ಯಾಕಮ್ಮ?" ಎಂದರು ಮೇಷ್ಟ್ರು.

"ಕೆರೆ ನೀರಲ್ಲಿ ಕೀಟನಾಶಕ ಸಿಕ್ಕಿತು. ಇರಬಾರದಷ್ಟು ಇದೆ. ಆದರೆ ಸೊನ್ನೆ ಬಾಟಲಿಯಲ್ಲೂ ಅದೇ ಸಿಕ್ಕಿತು. ಅಂದ ಮೇಲೆ ವಿಷ ಕೆರೆಯದ್ದೋ ನನ್ನ ಕೈಯದ್ದೋ ಹೇಳೋ ಹಾಗಿಲ್ಲ. ನನಗೆ ನೋಟೀಸು ಕೊಟ್ಟಿದ್ದಾರೆ. ಇನ್ನೊಂದು ಸಲ ಬರೋಕೆ ಸರದಿ ನಾಲ್ಕು ತಿಂಗಳ ಮೇಲೆ."

ಔಷಧಿಯಣ್ಣ ತೊಡೆ ತಟ್ಟಿಕೊಂಡು ನಕ್ಕ. "ನೋಡಿದ್ರಾ! ನಮ್ಮ ಕೆರೆಗಿಂತ ಪಟ್ಟಣದ ಶುದ್ಧ ನೀರೇ ಕೆಟ್ಟದ್ದು!" ಬೆಂಚು ಪೂರ್ತಿ ನಕ್ಕಿತು. ನಾವೂ ನಕ್ಕೆವು, ನಗದೆ ಇರಲು ನಮಗೆ ಕಾರಣ ಗೊತ್ತಿರಲಿಲ್ಲ.

ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಏಳನೆಯ ತಿಂಗಳು. ವರದಿ ಏನೂ ಹೇಳದಿದ್ದರೆ ಅತ್ತೆಯ ನೀರೇ ಎಂಬ ಮಾತಾಗಿತ್ತು, ನಾಲ್ಕು ಜನರ ಮುಂದೆ, ಅವಳೇ ತಲೆಯಾಡಿಸಿ. ದೊಡ್ಡಮ್ಮ ಗೆದ್ದಿದ್ದಳು. ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ಚಹಾ ಕಾಯಿಸುತ್ತಿದ್ದರೆ ಸಾಕಿತ್ತು. ಅವಳು ಕಾಯಿಸುತ್ತಲೂ ಇದ್ದಳು, ಆದರೆ ಸಕ್ಕರೆಯ ಚಮಚ ಡಬ್ಬಿಗೂ ಪಾತ್ರೆಗೂ ನಡುವೆ ನಿಂತುಬಿಟ್ಟಿತ್ತು.

"ಮೇಡಂ," ಎಂದಳು ಸೊಸೆ, "ಸೊನ್ನೆ ಬಾಟಲೀಲಿ ಎಷ್ಟಿತ್ತು? ಕೆರೆಗಿಂತ ಕಡಿಮೆ ತಾನೇ?"

"ಅದೇ ನಂಗೂ ಅರ್ಥವಾಗದ್ದು. ಜಾಸ್ತಿ ಇತ್ತು. ಮೆಟ್ಟಿಲ ಹತ್ರದ ನೀರಿಗಿಂತ ಜಾಸ್ತಿ. ಕೆರೇಲಿ ಸೀಮೆಎಣ್ಣೆ ಕುರುಹಿತ್ತು, ಇದರಲ್ಲಿ ಇಲ್ಲವೇ ಇಲ್ಲ. ಕೆರೇಲಿ ರೋಗಾಣು ಇದ್ದವು, ಇದರಲ್ಲಿ ಒಂದೂ ಇಲ್ಲ. ಕೀಟನಾಶಕ ಮಾತ್ರ ಮಂದವಾಗಿ ಕೂತಿದೆ. ಯಾರೋ ಕೆರೆ ನೀರನ್ನೇ ಚೆನ್ನಾಗಿ ಕುದಿಸಿ ಬತ್ತಿಸಿದ ಹಾಗೆ."

ದೊಡ್ಡಮ್ಮ ಒಲೆ ಆರಿಸಿದಳು. ಇಪ್ಪತ್ತೆಂಟು ವರ್ಷದಲ್ಲಿ ಗಿರಾಕಿಗಳು ಕೂತಿರುವಾಗ ಆ ಒಲೆ ಆರಿದ್ದನ್ನು ನಾವು ಕಂಡಿರಲಿಲ್ಲ. ಉರಿಯ ಸದ್ದು ನಿಂತದ್ದೇ ಎಲ್ಲರೂ ತಿರುಗಿ ನೋಡಿದರು.

"ಕುದಿಸಿದ್ರೆ ಔಷಧಿ ಹೋಗಲ್ವಾ?" ಎಂದಳು.

"ಹುಳ ಸಾಯುತ್ತೆ, ದೊಡ್ಡಮ್ಮ. ಸೀಮೆಎಣ್ಣೆ ಆವಿಯಾಗಿ ಹೋಗುತ್ತೆ. ಈ ಔಷಧಿ ಹೋಗಲ್ಲ. ನೀರು ಬತ್ತಿದಷ್ಟೂ ಉಳಿದ ನೀರಲ್ಲಿ ಅದರ ಪಾಲು ಹೆಚ್ಚಾಗುತ್ತೆ."

"ಮೂರು ಸಲ ಕುದಿಸಿದ್ರೂ?"

"ಮೂರು ಸಲ ಕುದಿಸಿದ್ರೆ ಇನ್ನೂ ಜಾಸ್ತಿ."

ದೊಡ್ಡಮ್ಮ ಡ್ರಮ್ಮನ್ನು ನೋಡಿದಳು. ಆಮೇಲೆ ಸೊಸೆಯನ್ನು ನೋಡಿದಳು, ಮುಖವನ್ನಲ್ಲ, ಹೊಟ್ಟೆಯನ್ನು. ಹಿಂದಿನ ವರ್ಷ ಬಸುರಿ ಸೊಸೆಗೆಂದು ಅವಳೇ ದಿನಾ ಒಂದು ಚೊಂಬು ಬೇರೆ ತೆಗೆದಿಟ್ಟು, ಇನ್ನೂ ಗಟ್ಟಿಯಾಗಲಿ ಎಂದು ನಾಲ್ಕನೆಯ ಸಲ ಕುದಿಸಿ ಕೊಟ್ಟಿದ್ದಳು. ಇದು ಆ ಮನೆಯ ಮೂವರಿಗೆ ಮಾತ್ರ ಗೊತ್ತಿದ್ದ ಸಂಗತಿ. ಅವಳೇ ಅದನ್ನು ಆಗ ಎಲ್ಲರ ಮುಂದೆ ಹೇಳಿದ್ದರಿಂದ ನಮಗೂ ಗೊತ್ತಾಯಿತು.

ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ಆ ಬಾಟಲೀಲಿ ಇದ್ದದ್ದು ನನ್ನ ನೀರು" ಎಂದಳು. "ನಿಮ್ಮ ನೀರು ತೆಗೆದು ನನ್ನ ಡ್ರಮ್ಮಿನದು ತುಂಬಿದೆ. ನೀವು ತೆಪ್ಪದ ಮೇಲಿದ್ರಿ."

ಮೇಡಂ ಕೈಯಲ್ಲಿದ್ದ ಕಾಗದವನ್ನು ಮತ್ತೆ ಬಿಡಿಸಿದರು. ಮೊದಲು ಚೇತರಿಸಿಕೊಂಡವರು ಮೇಷ್ಟ್ರು.

"ಹಾಗಾದ್ರೆ ಆ ಪ್ರಯೋಗಾಲಯದ ನೀರು ಏನಾಯ್ತು?"

"ನೀವೇ ಕುಡಿದ್ರಲ್ಲ, ಮೇಷ್ಟ್ರೇ. ಎರಡು ಲೋಟ."

"ನೋಡಿ, ನಾನು ಅವತ್ತೇ ಹೇಳಿದ್ದೆ!" ಮೇಷ್ಟ್ರು ಎದ್ದು ನಿಂತರು. ಅವರ ಜೀವಮಾನದಲ್ಲಿ ಅವರ ಮಾತು ಇಷ್ಟು ನಿಖರವಾಗಿ ನಿಜವಾದದ್ದು ಅದೇ ಮೊದಲು. "ಏನೋ ಕಡಿಮೆ ಇದೆ ಅಂತ ಅವತ್ತೇ ಹೇಳಿದ್ದೆನೋ ಇಲ್ಲವೋ?"

"ಹೇಳಿದ್ರಿ" ಎಂದಳು ಸೊಸೆ. "ಕಡಿಮೆ ಇದ್ದದ್ದು ಔಷಧಿಯಣ್ಣನ ಔಷಧಿ."

ಔಷಧಿಯಣ್ಣ ತನ್ನ ಲೋಟವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ. ಇಷ್ಟು ವರ್ಷ ಸಂಜೆ ತಾನು ಮೂರನೆಯ ಮೆಟ್ಟಿಲಲ್ಲಿ ತೊಳೆದದ್ದನ್ನು ಬೆಳಿಗ್ಗೆ ಇಲ್ಲೇ ಕೂತು ಊದಿ ಊದಿ ಕುಡಿಯುತ್ತಿದ್ದೇನೆಂದು ಅವನಿಗೆ ಆಗ ಹೊಳೆದಿರಬೇಕು. ಲೋಟದಲ್ಲಿ ಅರ್ಧ ಚಹಾ ಉಳಿದಿತ್ತು, ಮುಟ್ಟಲಿಲ್ಲ.

ಮೇಡಂ ಅಷ್ಟರಲ್ಲಿ ಕಾಗದದ ಮೇಲೆ ಬಗ್ಗಿ ಏನೋ ಕೂಡಿ ಕಳೆದು ಮಾಡುತ್ತಿದ್ದರು. ಅವರ ಮುಖಕ್ಕೆ ಬಣ್ಣ ಬರತೊಡಗಿತ್ತು. ಬಯ್ಯುತ್ತಾರೆಂದು ದೊಡ್ಡಮ್ಮ ಕೈಕಟ್ಟಿ ನಿಂತಿದ್ದಳು.

"ದೊಡ್ಡಮ್ಮ, ನೀವು ಮಾಡಿದ್ದು ಬಹಳ ದೊಡ್ಡ ತಪ್ಪು."

"ಹೌದು, ತಾಯಿ."

"ಇದನ್ನ ಬರೆದು ಸಹಿ ಹಾಕಿ ಕೊಡ್ತೀರಾ? ಪ್ರಯೋಗಾಲಯದಲ್ಲೇ ಇಟ್ಟಿದ್ದ ಇನ್ನೊಂದು ಶುದ್ಧ ನೀರಿನ ಬಾಟಲಿ ಸರಿಯಾಗೇ ಇದೆ. ಸೊನ್ನೆಯಲ್ಲಿದ್ದದ್ದು ಎಲ್ಲಿಯದು ಅಂತ ಗೊತ್ತಾದರೆ ಉಳಿದ ಮೂರರ ಫಲಿತಾಂಶ ಒಪ್ಪಿಸಬಹುದು. ನಾಲ್ಕು ತಿಂಗಳು ಕಾಯಬೇಕಾಗಿಲ್ಲ. ಕುದಿಸಿದ ನೀರು ಹೇಗಿರುತ್ತೆ ಅನ್ನೋದೂ ಸಿಕ್ಕಿದ ಹಾಗಾಯ್ತು. ನಾನೇ ಕೇಳಿದ್ದರೂ ಆ ಬಾಟಲಿಗೆ ಮಂಜೂರಾತಿ ಸಿಗ್ತಿರಲಿಲ್ಲ."

"ಸಹಿ ಹಾಕಿದ್ರೆ ಆ ಕಾಗದ ಎಲ್ಲರೂ ಓದ್ತಾರಾ?"

"ಪಂಚಾಯಿತಿ ಗೋಡೆಗೆ ಅಂಟಿಸ್ತಾರೆ."

ಇಪ್ಪತ್ತೆಂಟು ವರ್ಷದ ಹೆಸರು ಆ ಗೋಡೆಗೆ ಅಂಟುವುದನ್ನು ದೊಡ್ಡಮ್ಮ ನಿಂತಲ್ಲೇ ನೋಡಿದಳು. ಆಮೇಲೆ ಮಗನನ್ನು ಕೇಳಿದಳು, "ಹಾಕಲಾ?" ಮಗ ಹೂಂ ಎನ್ನಲಿಲ್ಲ. "ಹಾಕಮ್ಮ. ಸೀಮೆಎಣ್ಣೆ ಚೆಲ್ಲೋದು ನಾನು ಅಂತಲೂ ಬರೆಸು" ಎಂದ. ಅಷ್ಟುದ್ದದ ಮಾತನ್ನು ಅವನ ಬಾಯಿಂದ ಕೇಳಿ ಅವನ ಹೆಂಡತಿಯೇ ಗಾಬರಿಯಾದಳು.

ಹೇಳಿಕೆಯನ್ನು ಮೇಷ್ಟ್ರು ಬರೆದರು. 'ಪ್ರಕೃತಿ ಮಾತೆಯ ಮಡಿಲಲ್ಲಿ' ಎಂದು ಶುರುವಾಗಿ ಅದು ಒಂದೂವರೆ ಪುಟವಾಯಿತು. ದೊಡ್ಡಮ್ಮ ಓದಿಸಿ ಕೇಳಿ, "ಇದರಲ್ಲಿ ನಾನೆಲ್ಲಿದೀನಿ?" ಎಂದು ಅದನ್ನು ಮಡಚಿ ಆರಿದ ಒಲೆಯ ಕೆಳಗೆ ತುರುಕಿ, ತಾನೇ ಬರೆದಳು: 'ಬಾಟಲಿಯ ನೀರು ಬದಲಾಯಿಸಿದ್ದು ನಾನು. ಅದು ಮೂರನೆಯ ಮೆಟ್ಟಿಲ ನೀರು, ಮೂರು ಸಲ ಕುದಿಸಿದ್ದು. ಮಗ ಸೀಮೆಎಣ್ಣೆ ಚೆಲ್ಲುತ್ತಾನೆ.' ಕೆಳಗೆ ಸಹಿ ಹಾಕಿದಳು.

ಮರುದಿನ ಬೆಳಕು ಹರಿಯುವ ಮುಂಚೆ ಸೊಸೆ ಕೊಡ ಹುಡುಕಿದರೆ ಕೊಡವಿರಲಿಲ್ಲ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ರಸ್ತೆಯ ನಟ್ಟನಡುವೆ, ಅಂಗಡಿಯ ಮುಂದಿನಿಂದಲೇ ಬಂದಳು.

"ಕೊಡಿ ಅತ್ತೆ, ಇಳಿಸಿಕೊಳ್ತೀನಿ."

"ನೀನು ಕೂತ್ಕೋ ಸುಮ್ಮನೆ. ಆ ನಲ್ಲಿ ತಿರುಗಿಸೋದೂ ಒಂದು ಕೆಲಸವೇನೇ! ಹನಿ ಹನಿ ಬೀಳುತ್ತೆ, ಅಳೋ ಕೂಸಿನ ಮೂಗಿನ ಹಾಗೆ. ಇಂಥ ನೀರಿಗಾಗಿ ಇಷ್ಟು ಜಗಳ ಮಾಡಿದ್ಯಾ?"

"ಕುಡಿದು ನೋಡಿ."

"ನೋಡಿದೆ. ಸಪ್ಪೆ" ಎಂದು ದೊಡ್ಡಮ್ಮ ಆ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸತೊಡಗಿದಳು.

ವರದಿ ಪಂಚಾಯಿತಿಯ ಗೋಡೆಗೆ ಬಂತು. ಮೂವತ್ತೆಂಟು ಕ್ಯಾನುಗಳನ್ನು ಈಗ ಕೆರೆಯಲ್ಲಿ ತೊಳೆಯುವುದಿಲ್ಲ. ಹೊಲದಲ್ಲೇ ತೊಳೆದು ಆ ನೀರನ್ನು ಬೆಳೆಗೇ ಸಿಂಪಡಿಸುತ್ತಾರೆ. ಹೂಂರಾಯನ ಸೀಮೆಎಣ್ಣೆ ಒಂದು ಡಬ್ಬಿಯಲ್ಲಿ ಕೂತಿದೆ, ಅದನ್ನು ಏನು ಮಾಡಬೇಕೆಂದು ಇನ್ನೂ ಯಾರೂ ಹೇಳಿಲ್ಲ. ಬಾಟಲಿ ಮೇಡಂಗೆ ಕೊಟ್ಟಿದ್ದ ನೋಟೀಸು ವಾಪಸ್ಸಾಯಿತು. ಸೊಸೆಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತು, ತೂಕ ಎರಡು ಮುಕ್ಕಾಲು ಕಿಲೋ. ಅಂಗಡಿಗೆ ದಿನಕ್ಕೆ ಹನ್ನೊಂದು ಕೊಡ ನಲ್ಲಿ ನೀರು ಬೇಕಾಗುತ್ತದೆ. ಚಹಾದಲ್ಲಿ ಏನೋ ಕಡಿಮೆ ಇದೆ ಎಂದು ಮೇಷ್ಟ್ರು ಎರಡು ಲೋಟ ಕುಡಿಯುತ್ತಾರೆ.